ಹಕ್ಕಿ ಜ್ವರ ತಡೆಯದ ಲಸಿಕೆ ಕೋಳಿ ಫಾರಂನವರಿಗೆ ಯಾಕೆ?

ಚಿಕ್ಕಬಳ್ಳಾಪುರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ನಮ್ಮದು ಬ್ರಾಯ್ಲರ್ ಫಾರಂ. 2025ರಲ್ಲಿ ವರದಹಳ್ಳಿಗೆ ಹಕ್ಕಿ ಜ್ವರ ಬಂದಾಗಿನಿಂದ ಮನೆಯವರಿಗೆಲ್ಲ ಭಯ. ಡಾಕ್ಟರು ವರ್ಷಕ್ಕೊಂದು ಫ್ಲೂ ಇಂಜೆಕ್ಷನ್ ಹಾಕಿಸಿಕೊಳ್ಳಿ ಅಂದರು. ಅದು ಹಕ್ಕಿ ಜ್ವರ ತಡೆಯಲ್ಲ ಅಂತಲೂ ಅವರೇ ಹೇಳಿದರು. ಹಾಗಾದರೆ ದುಡ್ಡು ದಂಡ ಯಾಕೆ? ನಮಗೆ ಬರೋ ಫ್ಲೂಗೂ ಇದಕ್ಕೂ ಏನು ಸಂಬಂಧ?”

ಡಾಕ್ಟರು ಹೇಳಿದ ಎರಡೂ ಮಾತು ಸರಿ.

ಸಂಬಂಧ ಹತ್ತಿರದ್ದೇ. ಕೋಳಿಗಳನ್ನು ಕೊಲ್ಲುವ ಎಚ್5ಎನ್1, ನಮಗೆ ಮತ್ತೆಮತ್ತೆ ಬರುವ ಎಚ್1ಎನ್1 ಮತ್ತು ಎಚ್3ಎನ್2 ಎಲ್ಲವೂ ಇನ್‌ಫ್ಲುಯೆಂಜಾ ‘ಎ’ ವಂಶದ ವೈರಸ್‌ಗಳು. ಈ ವಂಶದ ಮೂಲ ನೆಲೆ ಕಾಡು ಬಾತು ಮೊದಲಾದ ನೀರುಹಕ್ಕಿಗಳು. ವ್ಯತ್ಯಾಸ ಇರುವುದು ವೈರಸ್ ಎಲ್ಲಿ ಅಂಟಿಕೊಳ್ಳುತ್ತದೆ ಎನ್ನುವುದರಲ್ಲಿ. ಹಕ್ಕಿಯ ವೈರಸ್‌ಗೆ ಅಂಟಿಕೊಳ್ಳಲು ಬೇಕಾದ ಬಗೆಯ, ಜೀವಕೋಶದ ಮೇಲಿರುವ ಸಕ್ಕರೆ ಅಣು ನಮ್ಮ ಮೂಗು, ಗಂಟಲಲ್ಲಿ ವಿರಳ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಹಾಗಾಗಿ ಅದು ಮನುಷ್ಯರಿಗೆ ಸುಲಭವಾಗಿ ತಗಲುವುದಿಲ್ಲ, ತಗಲಿದರೆ ನ್ಯುಮೋನಿಯಾಕ್ಕೆ ತಿರುಗುವ ಅಪಾಯ ಹೆಚ್ಚು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ಬಂತು, ಆರು ಜನ ತೀರಿಕೊಂಡರು. 2003ರಿಂದೀಚೆಗೆ ಜಗತ್ತಿನಲ್ಲಿ ಖಚಿತಪಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಉಳಿಯಲಿಲ್ಲ. ಸಣ್ಣ ಜ್ವರ ಬಂದು ವಾಸಿಯಾದವರು ಲೆಕ್ಕಕ್ಕೇ ಸಿಕ್ಕಿರುವುದಿಲ್ಲ, ಅದೂ ನೆನಪಿರಲಿ.

ಈಗ ನಿಮ್ಮ ಇಂಜೆಕ್ಷನ್ ವಿಷಯ. ಈ ವೈರಸ್‌ನ ವಂಶವಾಹಿ ಒಂದೇ ಉದ್ದದ ಎಳೆಯಲ್ಲ, ಎಂಟು ಬಿಡಿ ತುಂಡು. ಎರಡು ಬಗೆಯ ವೈರಸ್ ಒಂದೇ ಜೀವಕೋಶಕ್ಕೆ ಹೊಕ್ಕರೆ, ಎರಡು ಕಟ್ಟು ಇಸ್ಪೀಟು ಕಲಸಿ ಹಂಚಿದಂತೆ ತುಂಡುಗಳು ಅದಲುಬದಲಾಗಿ ಹೊಸದೊಂದು ಹುಟ್ಟಬಹುದು. ಇದು ಬರೀ ಊಹೆಯಲ್ಲ. 1957ರ ಏಷ್ಯನ್ ಫ್ಲೂ ವೈರಸ್‌ನ ಮೂರು ತುಂಡು, 1968ರ ಹಾಂಗ್‌ಕಾಂಗ್ ಫ್ಲೂ ವೈರಸ್‌ನ ಎರಡು ತುಂಡು ಹಕ್ಕಿಗಳಿಂದಲೇ ಬಂದವು. ಮಿಕ್ಕವು ಆಗಲೇ ಮನುಷ್ಯರಲ್ಲಿ ಓಡಾಡುತ್ತಿದ್ದವು. ಎರಡು ಸಲವೂ ಜಗತ್ತಿನಾದ್ಯಂತ ಲಕ್ಷಾಂತರ ಜನ ಸತ್ತರು. ಎಚ್3ಎನ್2 ಆ 1968ರ ವೈರಸ್‌ನ ಸಂತತಿ, ಇವತ್ತಿಗೂ ನಮ್ಮನ್ನು ಮಲಗಿಸುತ್ತಿದೆ.

ಕಲಸುವ ಕೆಲಸಕ್ಕೆ ಹಂದಿಯ ದೇಹ ಅನುಕೂಲ ಎನ್ನುತ್ತಾರೆ. ಮನುಷ್ಯನ ದೇಹವೂ ಆಗಬಹುದು. ಮಾಮೂಲಿ ಫ್ಲೂ ಬಂದಿದ್ದರೂ ಮಾತ್ರೆ ನುಂಗಿ, ರೋಗ ಹೊಕ್ಕ ಶೆಡ್ಡಿನಲ್ಲಿ ಹಿಕ್ಕೆ ಬಳಿಯುತ್ತಿರುವ ಆಳನ್ನು ನೆನೆಸಿಕೊಳ್ಳಿ: ಎರಡೂ ವೈರಸ್ ಒಂದೇ ಮೈಯಲ್ಲಿ ಸೇರುವುದು ಅಲ್ಲಿ. ಇಂಜೆಕ್ಷನ್ ಆ ಸಾಧ್ಯತೆಯನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ನಿಮ್ಮ ಮನೆಯವರಿಗಷ್ಟೇ ಅಲ್ಲ, ಆಳುಗಳಿಗೂ ನೀವೇ ದುಡ್ಡು ಕೊಟ್ಟು ಹಾಕಿಸಬೇಕು ಎಂಬುದು ನನ್ನ ಅಭಿಪ್ರಾಯ. (ಅಂದಹಾಗೆ, ಆ ಲಸಿಕೆಯ ಬಹುಪಾಲು ಇವತ್ತಿಗೂ ತಯಾರಾಗುವುದು ಕೋಳಿಮೊಟ್ಟೆಯಲ್ಲೇ!)

ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಅಂಜಬೇಕಿಲ್ಲ. ಒಳಗಿನವರೆಗೂ 70 ಡಿಗ್ರಿ ಕಾವು ಮುಟ್ಟಿದರೆ ವೈರಸ್ ಸಾಯುತ್ತದೆ. ಜುಟ್ಟು ನೀಲಿಗಟ್ಟಿ ಕೋಳಿಗಳು ಸಾಲಾಗಿ ಸಾಯತೊಡಗಿದರೆ ಮಾತ್ರ ಒಂದನ್ನೂ ಕುಯ್ಯಬೇಡಿ, ಮಾರಬೇಡಿ, ಪಶು ಆಸ್ಪತ್ರೆಗೆ ತಿಳಿಸಿ. ಆಮೇಲೆ ಹತ್ತು ದಿನದೊಳಗೆ ಯಾರಿಗಾದರೂ ಜ್ವರ, ಕೆಮ್ಮು, ಕಣ್ಣು ಕೆಂಪು ಕಾಣಿಸಿದರೆ ಡಾಕ್ಟರ ಹತ್ತಿರ ಮೊದಲು ಹೇಳಬೇಕಾದ್ದು ಫಾರಂ ಸಂಗತಿ. ಫ್ಲೂ ವೈರಸ್ ಬೆಳೆಯದಂತೆ ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಮೊದಲ ಎರಡು ದಿನದಲ್ಲಿ ಶುರುವಾದರೆ ಹೆಚ್ಚು ಫಲ.

– ಸಂಪಾದಕ