ಕೆಲಸದಲ್ಲಿ ನುರಿತವರಿಗೂ ಸಹೋದ್ಯೋಗಿಗಳೊಡನೆ ವ್ಯವಹರಿಸುವ ಕೌಶಲ ಏಕೆ ಬೇಕು?

ಇಂದಿನ ಬಹುತೇಕ ಕೆಲಸಗಳಿಗೆ ಬೇಕಾದ ತಿಳಿವಳಿಕೆ ಒಬ್ಬರಲ್ಲೇ ಇರದೆ ಹಲವರಲ್ಲಿ ಹಂಚಿಹೋಗಿರುತ್ತದೆ. ಅದು ಸಕಾಲದಲ್ಲಿ ನಿರ್ಧಾರ ಮಾಡುವವರನ್ನು ತಲುಪಬೇಕಾದರೆ ಅಂಜದೆ ಹೇಳುವ ಮತ್ತು ತಾಳ್ಮೆಯಿಂದ ಕೇಳಿಸಿಕೊಳ್ಳುವ ಕೌಶಲ ಬೇಕೇ ಬೇಕು.

ವಿಮಾನಯಾನ ಕ್ಷೇತ್ರ ಇದನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಕಾರಣಗಳು ಹಲವು. ಆದರೆ ಅನುಮತಿ ಸಿಗುವ ಮೊದಲೇ ಮೇಲೇರಲು ಓಟ ಆರಂಭಿಸಿದ್ದ, ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಸಂಸ್ಥೆಯ ವಿಮಾನದೊಳಗೆ, ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಸಂದೇಹದಿಂದ ಕೇಳಿದ್ದರು. ಅತ್ಯಂತ ಅನುಭವಿಯಾಗಿದ್ದ ಕ್ಯಾಪ್ಟನ್ ಬಿಟ್ಟಿದೆ ಎಂದು ಒತ್ತಿ ಹೇಳಿದ ಮೇಲೆ ಆ ಸಂದೇಹ ಅಲ್ಲಿಗೇ ನಿಂತಿತು. ಜೀವ ಉಳಿಸಬಹುದಾಗಿದ್ದ ಮಾಹಿತಿ ಒಳಗೇ ಇತ್ತು, ಅದಕ್ಕೆ ಕಿವಿ ಸಿಗಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ.

1979ರಲ್ಲಿ ನಾಸಾ ಈ ವಿಷಯದ ಬಗ್ಗೆ ಕಾರ್ಯಾಗಾರ ನಡೆಸಿತು. ಕಿರಿಯರು ಸಂದೇಹವನ್ನು ನೇರವಾಗಿ ಹೇಳುವುದನ್ನೂ ಹಿರಿಯರು ಅದನ್ನು ಅವಮಾನವೆಂದು ಭಾವಿಸದೆ ಪರಿಶೀಲಿಸುವುದನ್ನೂ ಕಲಿಸುವ ತರಬೇತಿ ಕ್ರಮೇಣ ವಿಮಾನ ಸಿಬ್ಬಂದಿಗೆ ಕಡ್ಡಾಯವಾಯಿತು. ಶಸ್ತ್ರಚಿಕಿತ್ಸಾ ಕೊಠಡಿಗಳೂ ಮುಂದೆ ಇದೇ ಮಾದರಿಯನ್ನು ಅನುಸರಿಸಿದವು. ಹಾಗಾಗಿ ಇದು ಹುಟ್ಟಿನಿಂದ ಬರುವ ಸ್ವಭಾವವಲ್ಲ, ಅಭ್ಯಾಸದಿಂದ ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆ.