ಜೋಳದ ಮೈ, ತೊಗರಿ ಮೈ

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಮ್ಮದು ನಾಕು ಎಕರೆ ಎರಿ ಹೊಲ. ಹತ್ತು ವರ್ಷ ಬರೀ ತೊಗರೀನೇ ಬಿತ್ತಿದ್ವಿ, ನೆಟೆ ರೋಗದ ಕಾಟ ತಡೀಲಾರದೆ ಈ ಸಲ ಹಿಂಗಾರಿ ಜೋಳ ಹಾಕೀವಿ. ರೈತರ ತರಬೇತಿಯೊಳಗ ಮಣ್ಣಿನ ಜೀವಿಗಳ ಚಿತ್ರ ತೋರಿಸಿ, ಇದು ಅದನ್ನ ತಿಂತದ, ಅದು ಇದನ್ನ ತಿಂತದ ಅಂತ ಹೇಳಿದರು. ಕಣ್ಣಿಗೇ ಕಾಣದ ಹುಳ ಏನು ತಿಂದದ ಅಂತ ಹ್ಯಾಂಗ ಗೊತ್ತಾಗ್ತದ್ರಿ? ಅಂದಾಜಿನ ಮಾತೇನು? — ಓದುಗರೊಬ್ಬರು, ಚಿತ್ತಾಪುರ ತಾಲ್ಲೂಕು

ಉತ್ತರ: ಅಂದಾಜೂ ಇತ್ತು, ಯಾಕೆ ಮುಚ್ಚಿಡಲಿ. ಬಹಳ ಕಾಲ ಹುಳದ ಬಾಯಿ ನೋಡಿಯೇ ಅದರ ಊಟ ಹೇಳುತ್ತಿದ್ದರು. ಮಣ್ಣಿನ ಜಂತುಹುಳುವಿನ, ಅಂದರೆ ನೆಮಟೋಡ್‌ನ, ಬಾಯಲ್ಲಿ ಸೂಜಿ ಇದ್ದರೆ ಬೇರನ್ನೋ ಶಿಲೀಂಧ್ರದ ಎಳೆಯನ್ನೋ ಚುಚ್ಚಿ ಹೀರುತ್ತದೆ, ಬರೀ ಕೊಳವೆಯಿದ್ದರೆ ಬ್ಯಾಕ್ಟೀರಿಯಾ ನುಂಗುತ್ತದೆ, ಹಲ್ಲಿದ್ದರೆ ಬೇಟೆಯಾಡುತ್ತದೆ ಎಂದು. ಈ ಲೆಕ್ಕ ಈಗಲೂ ಚಾಲ್ತಿಯಲ್ಲಿದೆ. ಆದರೆ ಹಲ್ಲಿದ್ದವರೆಲ್ಲ ಕಡಲೆ ತಿಂದಿದ್ದಾರೆ ಎನ್ನಲು ಬರುತ್ತದೆಯೇ?

ಮೊದಲು ಅವುಗಳನ್ನು ಮಣ್ಣಿನಿಂದ ಹೊರಗೆ ಕರೆಯಬೇಕು. ಇಟಲಿಯ ಕೀಟಶಾಸ್ತ್ರಜ್ಞ ಬರ್ಲೇಸೆ 1905ರಲ್ಲಿ ಸುತ್ತ ಬಿಸಿನೀರು ತುಂಬಿದ ಲಾಳಿಕೆ ಮಾಡಿದರು. 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಬಿಸಿನೀರು ಬಿಟ್ಟು ಬಲ್ಬು ಹಚ್ಚಿದರು. ಲಾಳಿಕೆಯಲ್ಲಿ ಜಾಳಿಗೆ, ಜಾಳಿಗೆಯ ಮೇಲೆ ಮಣ್ಣು, ಅದರ ಮೇಲೆ ಬಲ್ಬು. ಬಿಸಿ ತಾಳದೆ ಕೆಳಗಿಳಿದವು ಬಾಟಲಿಗೆ ಬೀಳುತ್ತವೆ. ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಒಂದು ಏಪ್ರಿಲ್‌ನಲ್ಲಿ ಆಳಂದ ರಸ್ತೆಯ ಹೊಲದಿಂದ ಹೆಂಟೆ ತಂದು 100 ವ್ಯಾಟ್ ಬಲ್ಬಿನ ಕೆಳಗಿಟ್ಟೆ. ಸಂಜೆಯೊಳಗೆ ಎರೆಮಣ್ಣು ಇಟ್ಟಿಗೆಯಾಯಿತು. ಬಾಟಲಿಗೆ ಬಿದ್ದದ್ದು ಮೂರು ಇರುವೆ. ಉಳಿದವೆಲ್ಲ ಒಳಗೇ ಬೆಂದುಹೋಗಿರಬೇಕು. ಆಗಸ್ಟ್‌ನಲ್ಲಿ ಹಸಿ ಮಣ್ಣು ತಂದು, 25 ವ್ಯಾಟ್ ಹಚ್ಚಿ ನಾಲ್ಕು ದಿನ ಕಾದೆ. ತಳದಲ್ಲಿ ರವೆ ಚೆಲ್ಲಿದ ಹಾಗೆ ಬೆಳ್ಳಗೆ ಸ್ಪ್ರಿಂಗ್‌ಟೇಲ್ ಎಂಬ ರೆಕ್ಕೆಯಿಲ್ಲದ ಪುಟ್ಟ ಹುಳಗಳು, ನಡುನಡುವೆ ಕಂದು ನುಸಿಗಳು, ಅಂದರೆ ಮೈಟ್‌ಗಳು. ನಿಮ್ಮ ತೊಗರಿಗೆ ಗೊಡ್ಡು ರೋಗ ಹಚ್ಚುವ ನುಸಿಯ ದೂರದ ನೆಂಟರು ಇವರು. ಅಂಥ ಕೇಡಿಗರಲ್ಲ.

ಇನ್ನು ಊಟದ ಮಾತು. ನೀವು ಗೊತ್ತಿಲ್ಲದೆಯೇ ಹೊಲದಲ್ಲೊಂದು ಪ್ರಯೋಗ ಹೂಡಿದ್ದೀರಿ! ಕಾರ್ಬನ್‌ನಲ್ಲಿ ನೂರಕ್ಕೆ ಒಂದರಷ್ಟು ಸ್ವಲ್ಪ ಭಾರದ್ದಿರುತ್ತದೆ, ಕಾರ್ಬನ್-13 ಅಂತ. ತೊಗರಿ ಗಾಳಿಯಿಂದ ಕಾರ್ಬನ್ ಹಿಡಿಯುವಾಗ ಈ ಭಾರದ್ದನ್ನು ಆದಷ್ಟು ಬಿಟ್ಟುಬಿಡುತ್ತದೆ. ಜೋಳ, ಮೆಕ್ಕೆಜೋಳ, ಕಬ್ಬು ಹಿಡಿಯುವ ರೀತಿಯೇ ಬೇರೆ, ಅವು ಅಷ್ಟು ಆರಿಸುವುದಿಲ್ಲ. ಹಾಗಾಗಿ ತೊಗರಿಗಿಂತ ಜೋಳದಲ್ಲಿ ಕಾರ್ಬನ್-13 ಸಾವಿರಕ್ಕೆ ಸುಮಾರು 15ರಷ್ಟು ಹೆಚ್ಚು. ನಾಲಿಗೆಗೆ ತಿಳಿಯದ ಈ ವ್ಯತ್ಯಾಸ ಭಾರದ್ದು, ಹಗುರದ್ದು ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಕ್ಕೆ ತಿಳಿಯುತ್ತದೆ. ತಿಂದವರ ಮೈಯಲ್ಲೂ ಅದು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ನಿಮ್ಮ ಮಣ್ಣಿನ ಹಳೆಯ ಕಸವೆಲ್ಲ ತೊಗರಿಯದು, ಹೊಸ ಬೇರು ಜೋಳದ್ದು. ಒಂದು ಸ್ಪ್ರಿಂಗ್‌ಟೇಲ್‌ನ ಕಾರ್ಬನ್-13 ಅಂಕಿ ತೊಗರಿಯಿಂದ ಜೋಳದ ಕಡೆಗೆ 3ರಷ್ಟು ಸರಿದಿದೆ ಅಂದುಕೊಳ್ಳಿ. 15ರಲ್ಲಿ 3, ಅಂದರೆ ಅದರ ಮೈಯ ಕಾರ್ಬನ್‌ನಲ್ಲಿ ಐದರಲ್ಲೊಂದು ಪಾಲು ಈ ವರ್ಷದ ಜೋಳದಿಂದ ಬಂದದ್ದು. ಅದನ್ನು ಹಿಡಿದು ತಿನ್ನುವ ನುಸಿಯಲ್ಲೂ ಅಷ್ಟೇ ಸರಿದಿದ್ದರೆ ಕಾರ್ಬನ್ ಯಾವ ದಾರಿ ಹಿಡಿದಿದೆ ಎಂಬ ಸುಳಿವು ಸಿಕ್ಕಿತು.

ಯಾರು ಯಾರಿಗಿಂತ ಮೇಲಿನ ಪಂಕ್ತಿ ಅನ್ನುವುದನ್ನು ನೈಟ್ರೋಜನ್-15, ಅಂದರೆ ನೈಟ್ರೋಜನ್‌ನಲ್ಲಿನ ಭಾರದ್ದು, ಹೇಳುತ್ತದೆ. ತಿಂದವನಲ್ಲಿ ಅದು ತಿನ್ನಿಸಿಕೊಂಡವನಿಗಿಂತ ಸಾವಿರಕ್ಕೆ ಸುಮಾರು 3 ಹೆಚ್ಚು, ಮೆಟ್ಟಿಲು ಹತ್ತಿದ ಹಾಗೆ. ಇಲ್ಲೊಂದು ತೊಡಕಿದೆ. ತೊಗರಿ ಗಾಳಿಯ ನೈಟ್ರೋಜನ್ನನ್ನೂ ಬಳಸುವುದರಿಂದ ಅಲ್ಲಿ ಮೊದಲ ಮೆಟ್ಟಿಲೇ ತಗ್ಗಿನಲ್ಲಿರುತ್ತದೆ. ತಿಪ್ಪೆಗೊಬ್ಬರ ಬಿದ್ದ ಹೊಲದಲ್ಲಿ ಎತ್ತರದಲ್ಲಿರುತ್ತದೆ. ಆದ್ದರಿಂದ ಪ್ರತಿ ಹೊಲದಲ್ಲೂ ಬೆಳೆ, ಕಸ, ಮಣ್ಣು ಮೂರನ್ನೂ ಅಳೆಯದೆ ಹುಳದ ಅಂಕಿ ಓದಿದರೆ ಸಾಧು ಹುಳವೂ ಹುಲಿಯಾಗಿ ಕಾಣಬಹುದು.

ಹುಳದ ಹೊಟ್ಟೆಯ ಡಿಎನ್‌ಎ ಓದುವುದೂ ಉಂಟು. ನೆಟೆ ರೋಗದ ಫ್ಯುಸೇರಿಯಂ ಶಿಲೀಂಧ್ರ ಅಲ್ಲಿ ಸಿಕ್ಕರೆ ಅದು ಬಾಯೊಳಗೆ ಹೋದದ್ದು ನಿಜ. ಜೀರ್ಣವಾಗಿ ಮೈಗೆ ಹತ್ತಿತೋ, ಹಾಗೇ ಹೊರಬಿತ್ತೋ ಎಂಬುದಕ್ಕೆ ಮತ್ತೆ ಕಾರ್ಬನ್ನನ್ನೇ ಕೇಳಬೇಕು.

ನನಗೆ ಅತಿ ಇಷ್ಟವಾದ ಪ್ರಯೋಗ ಸ್ವಿಟ್ಜರ್ಲೆಂಡಿನ ಕಾಡಿನದು, 2007ರಲ್ಲಿ ಪ್ರಕಟವಾದದ್ದು. ಎತ್ತರದ ಮರಗಳ ನೆತ್ತಿಗೆ ಕಾರ್ಬನ್-13 ಕಡಿಮೆಯಿರುವ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮರದ ಕಾರ್ಬನ್‌ಗೇ ಗುರುತು ಹಾಕಿದರು. ಆಮೇಲೆ ಗುರುತಿನ ಮರದ ಕೆಳಗೆ ಗುರುತಿಲ್ಲದ ತರಗೆಲೆ, ಗುರುತಿಲ್ಲದ ಮರದ ಕೆಳಗೆ ಗುರುತಿನ ತರಗೆಲೆ ಹರಡಿದರು. ಬೀಗರ ಮನೆಯಲ್ಲಿ ತಟ್ಟೆ ಬದಲಿಸಿದ ಹಾಗೆ! ಮಣ್ಣಿನ ಬಹುತೇಕ ಪ್ರಾಣಿಗಳ ಮೈಯಲ್ಲಿ ಹೆಚ್ಚಾಗಿ ಸಿಕ್ಕದ್ದು ಬೇರಿನಿಂದ ಇಳಿದ ಕಾರ್ಬನ್. ತರಗೆಲೆಯೇ ಇವರ ಅನ್ನ ಎಂದು ನಾನೇ ಎಷ್ಟು ವರ್ಷ ಬೋರ್ಡಿನ ಮೇಲೆ ಬಾಣ ಬರೆದಿದ್ದೆನೋ.

ಮಾಸ್ ಸ್ಪೆಕ್ಟ್ರೋಮೀಟರ್ ನಿಮ್ಮ ಮನೆಗೆ ಬರುವಂಥದ್ದಲ್ಲ. ಲಾಳಿಕೆ ಮಾಡಬಹುದು. ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಹಾಕಿ, ಒಳಗೆ ಕಿಟಕಿ ಜಾಳಿಗೆಯ ತುಂಡಿಡಿ, ಕೆಳಗೆ ನೀರಿನ ಬಟ್ಟಲು. ಹಸಿ ಇರುವಾಗಲೇ ಜೋಳದ ಬೇರಿನ ಬುಡದ ಒಂದು ಹಿಡಿ ಮಣ್ಣು ಒಂದರಲ್ಲಿ, ಸಾಲುಗಳ ನಡುವಿನದು ಇನ್ನೊಂದರಲ್ಲಿ ಹಾಕಿ ಎಣಿಸಿ ನೋಡಿ, ಭೂತಗನ್ನಡಿ ಇರಲಿ. ಮೇಲೆ ಹಚ್ಚಲು ಎಲ್‌ಇಡಿ ನಡೆಯದು, ಅದರ ಬಿಸಿ ಸಾಲದು. ಹಳೆಯ ಗುಂಡು ಬಲ್ಬೇ ಬೇಕು, 25 ವ್ಯಾಟ್ ಮೀರದ್ದು.