ಗಡ್ಡೆ ಮಾದರಿಗಳನ್ನು ಕೂಡಿಡಲು ಮೈನಸ್ 80 ಫ್ರೀಜರ್ ಸಾಕಾ, ಲಿಕ್ವಿಡ್ ನೈಟ್ರೋಜನ್ ಬೇಕಾ?

ಸ್ತನ ಕ್ಯಾನ್ಸರ್ ಗಡ್ಡೆಗಳನ್ನು ಸಂಶೋಧನೆಗೆ ಅಂತ ಕೂಡಿಡಬೇಕು, ನಮ್ಮ ಪೆಥಾಲಜಿ ವಿಭಾಗದಲ್ಲಿ ಹಣ ಕಡಿಮೆ, ಮೈನಸ್ 80 ಡಿಗ್ರಿ ಫ್ರೀಜರ್ ತಗೊಳ್ಳಲಾ, ಲಿಕ್ವಿಡ್ ನೈಟ್ರೋಜನ್ ಟ್ಯಾಂಕ್ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಕಂಪನಿಗಳ ಕೊಟೇಶನ್ ತರಿಸುತ್ತಾ ಕೂತಿದ್ದೆ.

ನೇರ ಉತ್ತರ ಚಿಕ್ಕದು. ಗಡ್ಡೆಯ ಜೀವಕೋಶಗಳನ್ನು ಮುಂದೆ ಮತ್ತೆ ಬೆಳೆಸುವ ಯೋಚನೆ ಇದ್ದರೆ ನೈಟ್ರೋಜನ್ ಬೇಕು. ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ತೆಗೆದರೆ ಸಾಕು ಅನ್ನುವುದಾದರೆ ಮೈನಸ್ 80 ಸಾಕು. ಆದರೆ ಈಗಲೇ ಎರಡನ್ನೂ ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ರಿಸರ್ಚ್ ಅಸಿಸ್ಟೆಂಟ್ ಆಗಿದ್ದೆ. ಗಡ್ಡೆಗಳ ಬ್ಯಾಂಕ್ ಕಟ್ಟುವ ಕೆಲಸವನ್ನು ನಮ್ಮ ಗೈಡ್ ನನಗೆ ಒಪ್ಪಿಸಿದರು. ಫ್ರೀಜರ್ ಬಂತು. ಸ್ಟೆಬಿಲೈಜರ್, ಜನರೇಟರ್ ಲೈನ್, ಎಸಿ ರೂಮು, ಬೀಗ, ಒಳಗಿನ ಉಷ್ಣತೆ ಏರಿದರೆ ಫೋನಿಗೆ ಮೆಸೇಜ್ ಬರುವ ಅಲಾರಂ, ಎಲ್ಲ ಮಾಡಿಸಿದೆವು. ಪ್ರತಿ ಟ್ಯೂಬಿಗೂ ಬಾರ್‌ಕೋಡ್. ಪ್ರತಿ ರೋಗಿಯಿಂದಲೂ ಸಮ್ಮತಿ ಪತ್ರ. ಗಡ್ಡೆಯ ಒಂದು ತುಂಡು, ಪಕ್ಕದ ಚೆನ್ನಾಗಿರುವ ಭಾಗದ ಒಂದು ತುಂಡು, ಜೊತೆಗೆ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ ರಕ್ತ. ನಾನಿದ್ದಷ್ಟು ಕಾಲ ಆ ಫ್ರೀಜರ್ ಒಂದು ಸಲವೂ ಕೈಕೊಡಲಿಲ್ಲ. ಆದರೂ ಅದರೊಳಗೆ ಇಟ್ಟಿದ್ದರಲ್ಲಿ ಬಹುಪಾಲು, ಯಾವ ಕೆಲಸಕ್ಕೆ ಅಂತ ಇಟ್ಟಿದ್ದೆವೋ ಆ ಕೆಲಸಕ್ಕೆ ಬರಲಿಲ್ಲ.

ಕಾರಣ ಒಂದೇ. ನನ್ನ ರಿಜಿಸ್ಟರ್‌ನಲ್ಲಿ ತಾರೀಕು ಇತ್ತು, ಗಂಟೆ ಇರಲಿಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು. ಗಡ್ಡೆ ದೇಹದಿಂದ ಹೊರಗೆ ಬಂದ ಕ್ಷಣಕ್ಕೆ ಸಾಯುವುದಿಲ್ಲ. ಕೊಯ್ದ ಸೊಪ್ಪು ಬಾಡುವ ಹಾಗೆ ನಿಧಾನವಾಗಿ ಬದಲಾಗುತ್ತಾ ಹೋಗುತ್ತದೆ. ಆ ಬದಲಾವಣೆ ಶುರುವಾಗುವುದು ಹೊರಗೆ ಬಂದ ಮೇಲೂ ಅಲ್ಲ, ಸರ್ಜನ್ ರಕ್ತನಾಳ ಕಟ್ಟಿದಾಗಲೇ. ರಕ್ತ ನಿಂತ ಮೇಲೂ ಗಡ್ಡೆ ಇನ್ನೂ ಒಳಗೇ, ದೇಹದ ಬಿಸಿಯಲ್ಲೇ ಇರುತ್ತದಲ್ಲ, ಆ ಅವಧಿಗೆ ವಾರ್ಮ್ ಇಸ್ಕೀಮಿಯಾ ಅನ್ನುತ್ತಾರೆ. ಹೊರಗೆ ತೆಗೆದ ಮೇಲೆ ಫ್ರೀಜ್ ಮಾಡುವವರೆಗೆ ಅಥವಾ ತುಂಡು ಕೊಳೆಯದಂತೆ ಕಾಯುವ ದ್ರಾವಣವಾದ ಫಾರ್ಮಲಿನ್‌ಗೆ ಹಾಕುವವರೆಗಿನ ಅವಧಿ ಕೋಲ್ಡ್ ಇಸ್ಕೀಮಿಯಾ. ಈ ಹೊತ್ತಿನಲ್ಲಿ ಕೋಶಗಳು ಬದುಕಿಯೇ ಇರುತ್ತವೆ. ಆಮ್ಲಜನಕ ಬರುತ್ತಿಲ್ಲ ಅಂತ ಒದ್ದಾಡುತ್ತವೆ. ಫಾಸ್, ಜುನ್‌ನಂಥ ಜೀನ್‌ಗಳು ನಿಮಿಷಗಳಲ್ಲೇ ಎದ್ದು ಕೂರುತ್ತವೆ. ಪ್ರೋಟೀನ್‌ಗಳ ಮೇಲಿರುವ ಫಾಸ್ಫೇಟ್ ಗುರುತುಗಳು ಅರ್ಧ ಗಂಟೆಯೊಳಗೇ ಬದಲಾಗಬಹುದು. ಡಿಎನ್‌ಎ ಮಾತ್ರ ಗಟ್ಟಿ, ಈ ಒದ್ದಾಟಕ್ಕೆ ಜಾಸ್ತಿ ಜಗ್ಗುವುದಿಲ್ಲ.

ಇದಾದ ಮೇಲೆ ಮೈನಸ್ 80ಕ್ಕೆ ಹಾಕಿದರೆ ಏನಾಗುತ್ತದೆ? ಗಡ್ಡೆಯ ಗುಣವೂ ಉಳಿಯುತ್ತದೆ, ಟ್ರೇಯಲ್ಲಿ ಬಿದ್ದಿದ್ದಾಗ ಆದ ಬದಲಾವಣೆಯೂ ಉಳಿಯುತ್ತದೆ. ಯಾವುದು ಕಾಯಿಲೆ, ಯಾವುದು ಟ್ರೇ ಅಂತ ಆಮೇಲೆ ಯಾವ ಮೆಷಿನ್ನೂ ಹೇಳಲಾರದು, ನಡುವೆ ಎಷ್ಟು ಹೊತ್ತು ಆಯಿತು ಅಂತ ಯಾರಾದರೂ ಬರೆದಿಟ್ಟಿರದಿದ್ದರೆ.

ನಮ್ಮಲ್ಲಿ ಆ ಹೊತ್ತು ದಿನಕ್ಕೊಂದು ಥರ ಇರುತ್ತಿತ್ತು. ಓಟಿಯಿಂದ, ಅಂದರೆ ಆಪರೇಷನ್ ಥಿಯೇಟರಿನಿಂದ, ಫೋನ್ ಬಂದ ಕೂಡಲೇ ನಾನು ಓಡುತ್ತಿದ್ದೆ. ಕೆಲವು ಸಲ ಗಡ್ಡೆ ಆಗಷ್ಟೇ ಕೈಗೆ ಬರುತ್ತಿತ್ತು. ಕೆಲವು ಸಲ ಅದನ್ನು ಹೊರಗೆ ಕಾಯುತ್ತಿದ್ದ ಮನೆಯವರಿಗೆ ತೋರಿಸಲು ಒಯ್ದಿರುತ್ತಿದ್ದರು. ನಮ್ಮ ಕಡೆ ಈ ರೂಢಿ ಇದೆ, ನಿಮಗೂ ಗೊತ್ತು. ಅದರಲ್ಲಿ ತಪ್ಪೇನೂ ಇಲ್ಲ, ಮನೆಯವರಿಗೆ ನೋಡುವ ಹಕ್ಕಿದೆ. ಆಮೇಲೆ ಅಟೆಂಡರ್ ಇನ್ನೆರಡು ಕೇಸಿನ ಡಬ್ಬಿಗಳೂ ಸೇರಲಿ ಅಂತ ಕಾಯುತ್ತಿದ್ದರು. ಹತ್ತು ನಿಮಿಷವೂ ಆಗುತ್ತಿತ್ತು, ಎರಡು ಗಂಟೆಯೂ ಆಗುತ್ತಿತ್ತು. ನನ್ನ ರಿಜಿಸ್ಟರ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತಿದ್ದವು. ರೋಗಿ ನಂಬರ್, ವಯಸ್ಸು, ರೋಗ, ತಾರೀಕು, ಬಾಕ್ಸ್ ನಂಬರ್. ಮುಗಿಯಿತು.

ಕೆಲವು ವರ್ಷಗಳ ಮೇಲೆ ಬೇರೆ ಸಂಸ್ಥೆಯ ಒಂದು ತಂಡ ನಮ್ಮ ಮಾದರಿಗಳಿಗೆ ಕೈಚಾಚಿತು. ಕೆಲವು ಗಡ್ಡೆಗಳು ಔಷಧಕ್ಕೆ ಯಾಕೆ ಬಗ್ಗುವುದಿಲ್ಲ ಅಂತ ಆರ್‌ಎನ್‌ಎಯಿಂದ ನೋಡುವ ಯೋಜನೆ. ಅವರ ಮೊದಲ ಮೇಲ್‌ನಲ್ಲೇ ಇಸ್ಕೀಮಿಯಾ ಟೈಮ್ ಕಳಿಸಿ ಅಂತ ಇತ್ತು. ಇಲ್ಲ ಅಂದೆ. ಸರಿ, ಆರ್‌ಎನ್‌ಎ ತೆಗೆದು ನೋಡೋಣ ಅಂದರು. ಅದು ಎಷ್ಟು ಇಡಿಯಾಗಿದೆ ಅಂತ ಹೇಳುವ ರಿನ್ ಅಂಕ 1ರಿಂದ 10ರವರೆಗೆ ಇರುತ್ತದೆ, 7ರ ಮೇಲಿದ್ದರೆ ಸಾಮಾನ್ಯವಾಗಿ ಸಮಾಧಾನ. ನಮ್ಮವು ಬಹಳಷ್ಟು 7 ದಾಟಿದವು! ನಾನು ಖುಷಿಯಾದೆ. ಆದರೆ ರಿನ್ ಹೇಳುವುದು ಆರ್‌ಎನ್‌ಎ ತುಂಡಾಗಿದೆಯೋ ಇಲ್ಲವೋ ಅಂತ ಮಾತ್ರ. ಸಾಯುವ ಮುಂಚೆ ಕೋಶ ಹೊಸದಾಗಿ ಬರೆದುಕೊಂಡ ಆರ್‌ಎನ್‌ಎ ಕೂಡ ಇಡಿಯಾಗಿಯೇ ಇರುತ್ತದೆ. ಫಲಿತಾಂಶ ಬಂದಾಗ ಗಡ್ಡೆಗಳು ಎರಡು ಗುಂಪಾಗಿದ್ದವು. ಒಂದು ಗುಂಪಿನಲ್ಲಿ ಒದ್ದಾಟದ ಜೀನ್‌ಗಳೆಲ್ಲ ಮೇಲೆ. ಔಷಧಕ್ಕೆ ಬಗ್ಗದ ಗಡ್ಡೆಗಳ ಲಕ್ಷಣವೋ, ಓಟಿಯಲ್ಲಿ ಜಾಸ್ತಿ ಹೊತ್ತು ಉಳಿದವುಗಳ ಲಕ್ಷಣವೋ? ಅವರು ಕೇಳಿದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹಿಂದೆ ಸರಿದರು. ಸರಿದಿದ್ದೇ ಸರಿ.

ಹಳೇ ಗಂಟೆಗಳನ್ನು ಹುಡುಕಿ ತೆಗೆಯಲು ನಾನು ತುಂಬಾ ಪಾಡುಪಟ್ಟೆ. ಅನಸ್ತೇಶಿಯಾ ಚಾರ್ಟ್ ನೋಡಿದೆ. ಅದರಲ್ಲಿ ಮಂಪರು ಕೊಟ್ಟ ಹೊತ್ತು, ಹೊಲಿಗೆ ಮುಗಿದ ಹೊತ್ತು ಇರುತ್ತದೆ. ರಕ್ತನಾಳ ಕಟ್ಟಿದ ಹೊತ್ತು, ಗಡ್ಡೆ ಹೊರಗೆ ಬಂದ ಹೊತ್ತು ಇರುವುದಿಲ್ಲ. ಓಟಿಯ ಸ್ಪೆಸಿಮೆನ್ ಪುಸ್ತಕದಲ್ಲಿ ಅಟೆಂಡರ್ ಸಹಿ ಇತ್ತು, ಅದೂ ಎಷ್ಟೋ ಸಲ ದಿನದ ಕೊನೆಗೆ ಒಟ್ಟಿಗೆ ಹಾಕಿದ್ದು. ಹೋದದ್ದು ಹೋಯಿತು.

ಯಾಕೆ ಬರೆಯಲಿಲ್ಲ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಪೆಥಾಲಜಿಯ ಹಳೇ ರಿಜಿಸ್ಟರ್ ನೋಡಿ ನನ್ನ ಕಾಲಂಗಳನ್ನು ಹಾಕಿಕೊಂಡಿದ್ದೆ, ಅದರಲ್ಲಿ ಗಂಟೆಯ ಕಾಲಂ ಇರಲಿಲ್ಲ. ಆದರೆ ದೊಡ್ಡ ಕಾರಣ ಬೇರೆ. ಬ್ಯಾಂಕ್ ಶುರುವಾಗುವುದೇ ಫ್ರೀಜರ್ ಬಾಗಿಲಿನಿಂದ ಅಂತ ನಂಬಿದ್ದೆ. ಅದಕ್ಕಿಂತ ಮುಂಚಿನದು ಸರ್ಜನ್‌ಗಳ ಜಗತ್ತು, ನನಗೆ ಸಂಬಂಧ ಇಲ್ಲ ಅಂದುಕೊಂಡಿದ್ದೆ. ಈ ಕೆಲಸ ಗೊತ್ತಿದ್ದವರು ಹಾಗೆ ಅಂದುಕೊಳ್ಳುವುದಿಲ್ಲ. ಬೆಂಗಳೂರಿನಲ್ಲೇ ನಿಮ್ಹಾನ್ಸ್‌ನ ಮೆದುಳು ಬ್ಯಾಂಕ್ 1995ರಿಂದ ಇದೆ. ಮೆದುಳು ಬ್ಯಾಂಕ್‌ಗಳಲ್ಲಿ ಸಾವಿಗೂ ಶೇಖರಣೆಗೂ ನಡುವೆ ಎಷ್ಟು ಗಂಟೆ ಅನ್ನುವುದು ಮೊದಲು ಕೇಳುವ ವಿಷಯಗಳಲ್ಲಿ ಒಂದು. ಬಯೋಬ್ಯಾಂಕ್‌ಗಳ ಅಂತರರಾಷ್ಟ್ರೀಯ ಸಂಘ ಇಸ್ಬರ್, 2010ರಲ್ಲೇ ಸ್ಪ್ರೆಕ್ ಅನ್ನುವ ಏಳು ಭಾಗದ ಕೋಡ್ ಕೊಟ್ಟಿದೆ. ಟಿಶ್ಯೂ ಮಾದರಿಯ ಕೋಡ್‌ನಲ್ಲಿ ವಾರ್ಮ್ ಇಸ್ಕೀಮಿಯಾಕ್ಕೆ ಒಂದು ಭಾಗ, ಕೋಲ್ಡ್‌ಗೆ ಒಂದು ಭಾಗ. ಎಲ್ಲ ಸಿದ್ಧ ಇತ್ತು. ನಾನು ಫ್ರೀಜರ್ ಮಾಡೆಲ್‌ಗಳ ಬಗ್ಗೆ ಓದುತ್ತಿದ್ದೆ.

ನನ್ನ ಪಿಎಚ್‌ಡಿ ವಿಷಯ ಬದಲಾಯಿತು, ಅದು ಸಣ್ಣ ನಷ್ಟ. ಆಪರೇಷನ್‌ನ ಹಿಂದಿನ ದಿನ ಭಯದಲ್ಲಿ ಕೂತಿದ್ದ ಹೆಂಗಸರು ನನ್ನ ಮಾತು ನಂಬಿ, ಮುಂದೆ ಯಾರಿಗಾದರೂ ಉಪಯೋಗ ಆಗಲಿ ಅಂತ ಸಹಿ ಹಾಕಿದ್ದರು. ಅವರಲ್ಲಿ ಕೆಲವರು ಈಗ ಇಲ್ಲ. ಅವರ ಹತ್ತಿರ ಹೋಗಿ ಇನ್ನೊಂದು ತುಂಡು ಕೇಳಲು ಆಗುವುದಿಲ್ಲ.

ಫ್ರೀಜರ್ ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. 2012ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿದ್ದ ಹಾರ್ವರ್ಡ್ ಮೆದುಳು ಬ್ಯಾಂಕಿನ ಒಂದು ಫ್ರೀಜರ್ ಕೆಟ್ಟು ಸುಮಾರು 150 ಮೆದುಳುಗಳು ಕರಗಿದವು. ಆಟಿಸಂ ಸಂಶೋಧನೆಗೆ ಅಂತ ಜತನವಾಗಿ ಕೂಡಿಸಿದ್ದವೂ ಅದರಲ್ಲಿದ್ದವು. ಹೊರಗಿನ ಡಿಸ್‌ಪ್ಲೇ ಮೈನಸ್ 79 ಅಂತಲೇ ತೋರಿಸುತ್ತಿತ್ತು, ಅಲಾರಂ ಕೂಗಲಿಲ್ಲ. 2023ರ ಕ್ರಿಸ್‌ಮಸ್ ರಜೆಯಲ್ಲಿ ಸ್ವೀಡನ್ನಿನ ಕರೊಲಿನ್ಸ್ಕಾದಲ್ಲಿ ನೈಟ್ರೋಜನ್ ಪೂರೈಕೆ ನಿಂತು, ದಶಕಗಳಿಂದ ಕೂಡಿಟ್ಟ ಮಾದರಿಗಳು ಹಾಳಾದವು. ಹಾಗಾಗಿ ಮುಂದೆ ಇಡುವುದಾದರೆ ಒಬ್ಬ ರೋಗಿಯ ಟ್ಯೂಬ್‌ಗಳನ್ನು ಎರಡು ಕಡೆ ಹಂಚಿ ಇಡಿ. ಆದರೆ ಫ್ರೀಜರ್ ಕೆಟ್ಟರೆ ಬಾಗಿಲು ತೆಗೆದ ದಿನವಾದರೂ ಗೊತ್ತಾಗುತ್ತದೆ. ಗಂಟೆ ಬರೆಯದ ನಷ್ಟ ಗೊತ್ತಾಗಲು ವರ್ಷಗಳು ಬೇಕು.

ಈಗ ನಿಮ್ಮ ವಿಷಯ. ನಿಮ್ಮ ಹತ್ತಿರ ಬ್ಯಾಂಕ್ ಇಲ್ಲ ಅಂತ ಬರೆದಿದ್ದೀರಿ. ಇದೆ. ನಿಮ್ಮ ವಿಭಾಗದ ಕಪಾಟುಗಳಲ್ಲಿ ವರ್ಷಗಟ್ಟಲೆಯ, ಗಡ್ಡೆಯ ತುಂಡುಗಳನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಾಫಿನ್ ಬ್ಲಾಕ್‌ಗಳಿವೆ, ಅಲ್ವಾ? ಅದೇ ಬ್ಯಾಂಕು. ಕರೆಂಟು ಬೇಡ, ನೈಟ್ರೋಜನ್ ಬೇಡ. ಇವತ್ತು ಬ್ಲಾಕ್‌ನಿಂದ ಡಿಎನ್‌ಎ ತೆಗೆಯುತ್ತಾರೆ, ತುಂಡಾದ ಆರ್‌ಎನ್‌ಎಯನ್ನೂ ಓದುವ ವಿಧಾನಗಳಿವೆ. ನನ್ನ ಸಲಹೆ, ಹೊಸ ಫ್ರೀಜರ್ ಮರೆತು ಈ ಬ್ಲಾಕ್‌ಗಳನ್ನು ಇನ್ನು ಮುಂದೆ ಚೆನ್ನಾಗಿ ಮಾಡಿ. ಸ್ತನದ ಗಡ್ಡೆಗೆ ಅಮೆರಿಕದ ಕ್ಯಾನ್ಸರ್ ವೈದ್ಯರ ಮತ್ತು ಪೆಥಾಲಜಿಸ್ಟ್‌ಗಳ ಸಂಘಗಳ ಮಾರ್ಗಸೂಚಿ ಸ್ಪಷ್ಟ ಇದೆ. ಹೊರಗೆ ತೆಗೆದ 1 ಗಂಟೆಯೊಳಗೆ ಫಾರ್ಮಲಿನ್‌ಗೆ ಹೋಗಬೇಕು, ಕಡಿಮೆ ಅಂದರೆ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿರಬೇಕು. ಶೇಕಡ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಬಳಸಿ. ಇಡೀ ಸ್ತನವನ್ನು ಹಾಗೇ ಡಬ್ಬಿಯಲ್ಲಿ ಮುಳುಗಿಸಬೇಡಿ. ಫಾರ್ಮಲಿನ್ ಒಳಗೆ ಇಳಿಯುವುದು ಗಂಟೆಗೆ ಸುಮಾರು 1 ಮಿಲಿಮೀಟರ್, ಹೊರಗೆ ಗಟ್ಟಿಯಾದರೂ ನಡುವಿನ ಗಡ್ಡೆ ಕೊಳೆಯುತ್ತಿರುತ್ತದೆ. ಅಂಚುಗಳಿಗೆ ಇಂಕ್ ಹಚ್ಚಿ, ಗಡ್ಡೆಯ ಮೂಲಕ ಸೀಳಿ, ಆಮೇಲೆ ಹಾಕಿ. ಶನಿವಾರ ಮಧ್ಯಾಹ್ನದ ಕೇಸು ಸೋಮವಾರದವರೆಗೆ ಸೀಳದೆ ಕೂತರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇದರ ಲಾಭ ಮುಂದಿನ ಸಂಶೋಧಕರಿಗಷ್ಟೇ ಅಲ್ಲ. ಯಾವ ಔಷಧ ಕೊಡಬೇಕು ಅಂತ ತೀರ್ಮಾನಿಸಲು ಮಾಡುವ ಇಆರ್, ಪಿಆರ್, ಹರ್‌ಟೂ ಪರೀಕ್ಷೆಗಳು ಸರಿಯಾಗಿ ಬರುವುದೂ ಇದರ ಮೇಲೆ ನಿಂತಿದೆ. ಟಿಶ್ಯೂ ಹಾಳಾಗಿ ಇಆರ್ ನೆಗೆಟಿವ್ ಅಂತ ತಪ್ಪು ರಿಪೋರ್ಟ್ ಹೋದರೆ, ಆಕೆಗೆ ಸಿಗಬೇಕಾದ ಹಾರ್ಮೋನ್ ಮಾತ್ರೆ ಸಿಗುವುದಿಲ್ಲ. ನಿಮ್ಮ ಕಡಿಮೆ ಬಜೆಟ್ಟನ್ನು ಖರ್ಚು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಗಂಟೆ ಬರೆಸುವುದು ಹೇಗೆ? ಡಬ್ಬಿಗೆ ಒಂದು ಚೀಟಿ ಕಟ್ಟಿ. ನಾಲ್ಕು ಖಾನೆ ಸಾಕು. ರಕ್ತನಾಳ ಕಟ್ಟಿದ್ದು, ಹೊರಗೆ ತೆಗೆದದ್ದು, ಲ್ಯಾಬಿಗೆ ಬಂದದ್ದು, ಫಾರ್ಮಲಿನ್‌ಗೆ ಹಾಕಿದ್ದು. ಓಟಿ ಗೋಡೆಯ ಗಡಿಯಾರಕ್ಕೂ ಲ್ಯಾಬಿನದಕ್ಕೂ ಹೊಂದಿಸಿ, ಒಬ್ಬೊಬ್ಬರ ಫೋನ್ ನೋಡಿ ಬರೆಯುವುದು ಬೇಡ. ಬರೆಯುವ ಕೆಲಸ ಸರ್ಜನ್‌ಗೆ ಕೊಡಬೇಡಿ, ಅವರ ಕೈ ಒಳಗಿರುತ್ತದೆ. ಓಟಿಯ ಫ್ಲೋರ್ ಸಿಸ್ಟರ್‌ಗಳ ಹತ್ತಿರ ಮೊದಲು ಹೋಗಿ. ಯಾಕೆ ಬೇಕು ಅಂತ ಕೂತು ವಿವರಿಸಿ, ಆರ್ಡರ್ ಕಾಪಿ ಅಂಟಿಸಿ ಬರಬೇಡಿ. ಮುಂದೆ ಪೇಪರ್ ಬರೆದಾಗ ಅವರ ಹೆಸರೂ ಇರಲಿ. ಬ್ಯಾಂಕಿನ ಅರ್ಧ ಕೆಲಸ ಅವರದೇ.

ಸಮ್ಮತಿಯ ಬಗ್ಗೆ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕಿಗೆ ಅಂತಲೇ ಒಂದು ಅಧ್ಯಾಯ ಇದೆ, ಎಥಿಕ್ಸ್ ಕಮಿಟಿಗೆ ಹೋಗುವ ಮುಂಚೆ ಓದಿ. ಆಪರೇಷನ್ ಒಪ್ಪಿಗೆಯ ಹಾಳೆಯಲ್ಲೇ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳಬೇಡಿ. ಬೇರೆ ಹಾಳೆ, ಸರಳ ಕನ್ನಡ, ಯಾವ ಯಾವ ಬಳಕೆಗೆ ಒಪ್ಪಿಗೆ ಅಂತ ಬೇರೆ ಬೇರೆ ಆಯ್ಕೆ. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯ್ ಬುಡಕಟ್ಟಿನವರು 1990ರ ಹೊತ್ತಿಗೆ ಸಕ್ಕರೆ ಕಾಯಿಲೆಯ ಸಂಶೋಧನೆ ಅಂತ ರಕ್ತ ಕೊಟ್ಟಿದ್ದರು. ಅದನ್ನು ಅವರಿಗೆ ಹೇಳದೆ ಬೇರೆ ವಿಷಯಗಳಿಗೂ ಬಳಸಿದರು. 2010ರಲ್ಲಿ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತವನ್ನು ಅವರಿಗೇ ವಾಪಸ್ ಮಾಡಿತು.

ಇಷ್ಟು ಕೇಳಿಯೂ ಫ್ರೀಜ್ ಮಾಡಿದ ಟಿಶ್ಯೂ ಬೇಕೇ ಬೇಕು ಅನಿಸಿದರೆ, ಒಂಟಿಯಾಗಿ ಶುರು ಮಾಡಬೇಡಿ. ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲಿ ಗಡ್ಡೆಗಳ ಸಂಗ್ರಹ ಇದೆ, ಐಐಟಿ ಮದ್ರಾಸ್‌ನಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಟಿಶ್ಯೂ ಬಯೋಬ್ಯಾಂಕ್ ಇದೆ. ಅವರ ಕೆಲಸದ ಕ್ರಮ ಕೇಳಿ ತಿಳಿದುಕೊಳ್ಳಿ. ನೈಟ್ರೋಜನ್ ಬಗ್ಗೆ ನಿಮ್ಮ ಜಿಲ್ಲೆಯ ಹಾಲು ಒಕ್ಕೂಟದವರನ್ನೂ ವಿಚಾರಿಸಿ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಮೈನಸ್ 196ರಲ್ಲೇ ಇಡುವುದರಿಂದ ಅದು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೆ ಆವಿಯಾಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಕಿಟಕಿ ಇಲ್ಲದ ಕೋಣೆಯಲ್ಲಿ ಮಾತ್ರ ಟ್ಯಾಂಕ್ ಇಡಬೇಡಿ. ಸೋರಿದರೆ ಆ ಗಾಳಿಯಲ್ಲಿ ಉಸಿರು ಕಟ್ಟುತ್ತದೆ, ಮುನ್ಸೂಚನೆಯೂ ಇರುವುದಿಲ್ಲ. ರೋಗನಿರ್ಣಯಕ್ಕೆ ಬೇಕಾದಷ್ಟನ್ನು ಪೆಥಾಲಜಿಸ್ಟ್ ತೆಗೆದುಕೊಂಡ ಮೇಲೆ ಉಳಿದದ್ದೇ ಬ್ಯಾಂಕಿಗೆ. ಗಡ್ಡೆ ಚಿಕ್ಕದಿದ್ದರೆ ಬ್ಯಾಂಕಿಗೆ ಏನೂ ಇಲ್ಲ.

ಮೊದಲ ಕೆಲವು ತಿಂಗಳು ಚೀಟಿಯನ್ನಷ್ಟೇ ನಡೆಸಿ, ತಿಂಗಳ ಕೊನೆಗೆ ಕೂತು ಎಷ್ಟು ಚೀಟಿಯಲ್ಲಿ ನಾಲ್ಕೂ ಖಾನೆ ತುಂಬಿವೆ ಅಂತ ನೋಡಿ. ಯಾವ ಓಟಿಯಿಂದ ಖಾಲಿ ಬರುತ್ತಿದೆಯೋ ಅಲ್ಲಿಗೆ ಮತ್ತೆ ಹೋಗಿ ಮಾತಾಡಿ. ಹೆಚ್ಚು ಕಡಿಮೆ ಎಲ್ಲವೂ ತುಂಬಿ ಬರಲು ಶುರುವಾದ ಮೇಲೆ ಇಲ್ಲಿ ಇನ್ನೊಂದು ಪ್ರಶ್ನೆ ಹಾಕಿ, ಫ್ರೀಜರ್ ಮಾಡೆಲ್‌ಗಳ ಬಗ್ಗೆ ಆಗ ಮಾತಾಡೋಣ.